ಮೀನಿನ ಗುರುತಿನ ಇಸ್ತ್ರಿ ಪೆಟ್ಟಿಗೆ

ಜೂನ್ 3

ಅಣ್ಣಾ,

ನಿಮ್ಮ ಕಾರ್ಖಾನೆ ಜನರಿಗೆ ಕೆಟ್ಟ ಇಸ್ತ್ರಿ ಪೆಟ್ಟಿಗೆಗಳನ್ನು ಮಾರುತ್ತಿದೆ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಓದು.

ಕಳೆದ ಶುಕ್ರವಾರ ಟೈಲರ್ ಮಾವ ಗಿರಾಕಿಯೊಬ್ಬನ ಕೋಟಿನ ಮೇಲೆ ಪೆಟ್ಟಿಗೆ ಇಟ್ಟರು. ಬಿಸಿ ಹೊಂದಿಸುವ ಬಿಲ್ಲೆ 'ಉಣ್ಣೆ' ಎಂಬಲ್ಲೇ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ. ಒಂದು ಸಲ ಎಳೆದು ಎತ್ತುವಷ್ಟರಲ್ಲಿ ಕೋಟಿನ ಬೆನ್ನ ಮೇಲೆ ಪೆಟ್ಟಿಗೆಯ ಪೂರ್ತಿ ಪಡಿಯಚ್ಚು. ಆ ಹುಡುಗ ಮರುದಿನ ಆ ಕೋಟು ಹಾಕಿಕೊಂಡು ಕೆಲಸ ಕೇಳಲು ಹೋಗುವವನಿದ್ದ. "ಮಾವ, ಎದೆ ಕಡೆ ಚೆನ್ನಾಗಿದೆ ಬಿಡಿ, ನಾನು ಅವರಿಗೆ ಬೆನ್ನು ತೋರಿಸೋದಿಲ್ಲ" ಎಂದು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ಇನ್ನು ಮಹಡಿಯ ನರ್ಸಕ್ಕ. ಯಾರೋ ಬಾಗಿಲು ತಟ್ಟಿದರೆಂದು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೋಗಿ, ಮಾತು ಮುಗಿಸಿ ಬಂದಳು. ಅಷ್ಟರಲ್ಲಿ ಹಿಡಿಯೇ ಮೆತ್ತಗಾಗಿ ಬಾಗಿ, ಪೆಟ್ಟಿಗೆ ಮಗುಚಿ, ಮೇಜಿನ ಕಂಬಳಿ ಹೊಗೆಯಾಡುತ್ತಿತ್ತು. ಒಳಗೆ ಅವಳ ಅತ್ತೆ ಮಲಗಿದ್ದರು, ಎದ್ದು ನಡೆಯಲಾಗದವರು. ಕೆಂಪು ದೀಪ ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಲೇ ಇತ್ತಂತೆ.

ಹೀಗೆ ನಮ್ಮ ಬೀದಿಯಲ್ಲಿ ಮನೆಗೊಂದು ಕಥೆ. ಎಲ್ಲವೂ ನಿಮ್ಮ ಕಾರ್ಖಾನೆಯವೇ. ಸರಿಯಾಗಿ ಕೆಲಸ ಮಾಡುವವು ಎರಡೇ. ಒಂದು ಡ್ರೈವರ್ ತಾತನದು. ಇನ್ನೊಂದು ನಮ್ಮನೆಯದು, ನೀನು ಕೊಟ್ಟು ಕಳಿಸಿದ್ದು.

ಅಂಗಡಿಯಿಂದ ತರುವ ಯಾವ ವಸ್ತು ಹೇಳಿದ ಕೆಲಸ ಮಾಡುತ್ತದೆ ಹೇಳು? 'ಇಲ್ಲಿ ಹರಿಯಿರಿ' ಎಂದು ಬರೆದ ಪೊಟ್ಟಣ ಅಲ್ಲೊಂದು ಬಿಟ್ಟು ಎಲ್ಲ ಕಡೆ ಹರಿಯುತ್ತದೆ. ಕರೆಂಟು ಹೋದಾಗಲೇ ಟಾರ್ಚಿಗೆ ಮುನಿಸು. ಜನ ತಮ್ಮ ಕೈಯೇ ಸರಿಯಿಲ್ಲವೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವುದನ್ನು ನಂಬಿಯೇ ಇವರ ವ್ಯಾಪಾರ ನಡೆಯುವುದು. ನೀನು ನಗಬಹುದು, "ಜೆರಾಕ್ಸ್ ಅಂಗಡಿಯಲ್ಲಿ ನಕಲು ತೆಗೀತಾ ಕರಪತ್ರ ಓದಿ ಇವಳ ತಲೆ ಕೆಟ್ಟಿದೆ" ಅಂತ. ಓದಿದ್ದು ಹೌದು. ಕೆಟ್ಟಿರುವುದು ತಲೆಯಲ್ಲ, ಪೆಟ್ಟಿಗೆ.

ನನಗೆ ಅರ್ಥವಾಗಿರುವುದು ಇಷ್ಟು: ಒಳ್ಳೆಯದನ್ನು ನೌಕರರ ಮನೆಗೆ ಕಳಿಸಿ ಬಾಯಿ ಮುಚ್ಚಿಸುತ್ತಾರೆ, ಕೆಟ್ಟದ್ದನ್ನು ಬೀದಿಗೆ ಬಿಡುತ್ತಾರೆ. ನೀನು ಅಲ್ಲೇ ಪರೀಕ್ಷೆಯ ಮೇಜಿನಲ್ಲಿ ಕೂತಿರುವವನು. ನೀನು ಬಾಯಿ ಬಿಡಬೇಕು.

ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅದಕ್ಕೇ ಕಾಗದ. ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಂಗಿ


ಜೂನ್ 12

ಪಟಾಕಿ,

ನಿನ್ನ ಕಾಗದ ಬಿಚ್ಚಿದಾಗ ಕೋಣೆಯಲ್ಲಿ ಹೊಗೆ ಬಂತು.

ಸ್ವಲ್ಪ ನಿಧಾನಿಸು. ನಿಮ್ಮ ಬೀದಿಯ ಕರೆಂಟು ಒಮ್ಮೆ ಮಿಣುಕು, ಒಮ್ಮೆ ಧಗಧಗ, ನನಗೆ ಗೊತ್ತಿಲ್ಲವೇ? ಟೈಲರ್ ಮಾವ ಬೆಳಗಿನಿಂದ ಸಂಜೆವರೆಗೆ ಮನೆಬಳಕೆಯ ಪೆಟ್ಟಿಗೆ ಉಜ್ಜಿದರೆ ಅದೇನು ಕಬ್ಬಿಣದ ಎತ್ತೇ? ನರ್ಸಕ್ಕ ಬಿಸಿ ಪೆಟ್ಟಿಗೆ ಬಿಟ್ಟು ಹರಟೆಗೆ ನಿಂತರೆ ಅದು ಕಂಬಳಿಯನ್ನು ಮುದ್ದು ಮಾಡುತ್ತದೆಯೇ?

ನಮ್ಮ ಮೇಜಿನ ಕೆಲಸ ನಿನಗೆ ಗೊತ್ತಿಲ್ಲ. ಪ್ರತಿ ಪೆಟ್ಟಿಗೆಯನ್ನೂ 'ರೇಷ್ಮೆ'ಗೆ ಇಟ್ಟು ಕಾಯಿಸುತ್ತೇವೆ. ಸಾಕಷ್ಟು ಬಿಸಿಯಾದ ಕೂಡಲೇ ಒಳಗಿನ ಲೋಹದ ಪಟ್ಟಿ ಬಾಗಿ ಕರೆಂಟನ್ನು ಕಡಿಯಬೇಕು, ಕೆಂಪು ದೀಪ ಆರಬೇಕು. ಆರದಿದ್ದರೆ ಆ ಪೆಟ್ಟಿಗೆ ಮುಂದೆ ಹೋಗುವುದಿಲ್ಲ. ನನ್ನ ಮೇಜು ದಾಟಿ ಅಂಥದ್ದು ಒಂದೂ ಹೋಗಿಲ್ಲ, ಹೋಗುವುದೂ ಇಲ್ಲ. ನೌಕರರ ಮನೆಗೆ ಬೇರೆ ಮಾಲು ಎಂಬುದು ನಿನ್ನ ಕರಪತ್ರದವರ ಕಲ್ಪನೆ.

ಇನ್ನೊಂದು ಮಾತು. ಈ ಸಲ ಕಾಯಂ ಆಗುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಸೂಪರ್‌ವೈಸರ್ ಕರೆದು ಹೇಳಿದ್ದಾರೆ. ಕಾಯಂ ಆದರೆ ಎರಡು ಕೋಣೆಯ ಮನೆ ಸಿಗುತ್ತದೆ, ಅಮ್ಮನನ್ನೂ ನಿನ್ನನ್ನೂ ಕರೆಸಿಕೊಳ್ಳಬಹುದು. ಅಲ್ಲಿವರೆಗೆ ನಿನ್ನ ಬೆಂಕಿಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊ. ಕಾರ್ಖಾನೆಯ ಹೆಸರು ಹಾಕಿ ಏನೂ ಅಚ್ಚು ಹಾಕಿಸಬೇಡ.

ಅಮ್ಮನ ಮಂಡಿ ನೋವು ಹೇಗಿದೆ?

ಅಣ್ಣ


ಜೂನ್ 15

ಅಣ್ಣಾ,

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು. ಮಂಡಿಯಲ್ಲ ನೋಯುತ್ತಿರುವುದು.

ನೀನು ಪೆಟ್ಟಿಗೆ ಕಳಿಸಿದ ದಿನ ಅಮ್ಮ ಅದನ್ನು ಮಗುವಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಮೀನು ಕಂಡಿತು. ನೀನು ಚಿಕ್ಕವನಿದ್ದಾಗ ತಟ್ಟೆಗೆ, ಟಿಫನ್ ಡಬ್ಬಿಗೆ, ನನ್ನ ಅಳತೆಪಟ್ಟಿಗೂ ಮೊಳೆಯಲ್ಲಿ ಕೆತ್ತುತ್ತಿದ್ದೆಯಲ್ಲ, ಎರಡು ಬಾಗಿದ ಗೆರೆ, ಬಾಲದ ಹತ್ತಿರ ಒಂದನ್ನೊಂದು ದಾಟಿದ್ದು, ಅದೇ ಮೀನು. ಅಮ್ಮನ ಕಣ್ಣು ತುಂಬಿತು. "ನೋಡೇ, ನನ್ನ ಮಗ ಕೈಯಾರೆ ನೋಡಿ ಸರಿ ಅಂತ ಗುರುತು ಹಾಕಿದಾನೆ" ಎಂದಳು. ಅಲ್ಲಿಂದ ಬೀದಿಯಲ್ಲಿ ಯಾರು ಇಸ್ತ್ರಿ ಪೆಟ್ಟಿಗೆಯ ಮಾತೆತ್ತಿದರೂ ಅವಳದು ಒಂದೇ ಉಪದೇಶ: "ಹಿಂದೆ ಅಂಟಿಸಿದ ಸ್ಟಿಕ್ಕರ್ ಮೂಲೆ ಎತ್ತಿ ನೋಡಿ. ಮೀನಿದ್ರೆ ಕಣ್ಮುಚ್ಚಿ ತಗೊಳ್ಳಿ. ಮೀನಿಲ್ದೇ ಇದ್ರೆ ಬೇರೆ ತೋರ್ಸು ಅನ್ನಿ." ನಮ್ಮದರಲ್ಲಿ ಸ್ಟಿಕ್ಕರೇ ಇರಲಿಲ್ಲ. ಅಂಗಡಿಯವುಗಳಲ್ಲಿ ಮೀನು ಅದರಡಿ ಅಡಗಿರುತ್ತದೆ ಎಂದು ಮೊದಲು ಕಂಡುಹಿಡಿದವಳೂ ಅವಳೇ, ಟೈಲರ್ ಮಾವನ ಜೊತೆ ಅಂಗಡಿಗೆ ಹೋಗಿ.

ಜನ ಹಾಗೇ ಮಾಡಿದರು. ಆ ಅಂಟಿಗೂ ಹಿಡಿತವಿಲ್ಲ, ಉಗುರು ತಾಗಿಸಿದರೆ ಏಳುತ್ತದೆ. ಆರಿಸಿ ಆರಿಸಿ ಮೀನಿನವನ್ನೇ ತಂದರು.

ಈಗ ಸುಟ್ಟಿರುವ ಪ್ರತಿ ಪೆಟ್ಟಿಗೆಯಲ್ಲೂ ನಿನ್ನ ಮೀನಿದೆ, ಅಣ್ಣಾ.

ನಿನ್ನೆ ನಲ್ಲಿಯ ಹತ್ತಿರ ನರ್ಸಕ್ಕ ಎಲ್ಲರೆದುರು ಕೇಳಿದಳು, "ಏನಮ್ಮಾ, ಒಂದೊಂದು ಪೆಟ್ಟಿಗೆಗೆ ಮಗ ಎಷ್ಟು ಕೊಡ್ತಾನೆ ನಿಮಗೆ?" ಅಮ್ಮ ಬಿಂದಿಗೆ ಅಲ್ಲೇ ಬಿಟ್ಟು ಬಂದಳು. ಈಗ ನೀರಿಗೆ ನಾನು ಹೋಗುತ್ತೇನೆ. ಅವಳು ಕಿಟಕಿಯ ಪರದೆಯನ್ನೂ ಸರಿಸುವುದಿಲ್ಲ.

ಕರೆಂಟು ಮಿಣುಕಂತೆ, ನರ್ಸಕ್ಕ ಹರಟೆಗೆ ನಿಂತಳಂತೆ! ಎಂಥ ಮಾತು ಬರೆದೆ! ಮಾಲು ಕೆಟ್ಟಾಗ ಕೊಂಡವನ ಮೇಲೆ ತಪ್ಪು ಹೊರಿಸುವುದು ಮಾಲೀಕರ ಭಾಷೆ. ಅದನ್ನು ಯಾವಾಗ ಕಲಿತೆ? ಕಾಯಂ ಆಗುವ ಮೊದಲೇ ಕಲಿಸುತ್ತಾರೋ? ಎರಡು ಕೋಣೆಗಾಗಿ ನೀನು ಕಣ್ಣು ಮುಚ್ಚಿಕೊಂಡು ಮೀನು ಕೆತ್ತುತ್ತಿದ್ದೀಯ ಎಂದೇ ನನಗೆ ಅನ್ನಿಸುತ್ತದೆ. ಇಲ್ಲ ಎನ್ನುವುದಾದರೆ ಇಲ್ಲ ಎಂದು ಬರೆ.

ಜೊತೆಗೊಂದು ಕರಪತ್ರ ಇಟ್ಟಿದ್ದೇನೆ. ನಾನೇ ಬರೆದದ್ದು. 'ಪರೀಕ್ಷಕರು ನಿದ್ದೆಯಲ್ಲಿ, ಬೀದಿ ಬೆಂಕಿಯಲ್ಲಿ.' ಇನ್ನೂ ಹಂಚಿಲ್ಲ.

ತಂಗಿ


ಜೂನ್ 20

ಇಷ್ಟಕ್ಕೆ ಮಾತ್ರ ಉತ್ತರ ಬರೆ. ಮೀನು ಖಂಡಿತ ಸ್ಟಿಕ್ಕರಿನ ಅಡಿಯಲ್ಲೇ ಇದೆಯೇ? ಗೀರು ಮೇಲುಮೇಲೆ ಇದೆಯೇ, ಉಗುರಿಗೆ ಸಿಗುವಷ್ಟು ಆಳವೇ? ಡ್ರೈವರ್ ತಾತನ ಪೆಟ್ಟಿಗೆಯಲ್ಲಿ ಏನಿದೆ ನೋಡು. ಕರಪತ್ರ ಹಂಚಬೇಡ. ಅಮ್ಮನಿಗೆ ಏನೂ ಹೇಳಬೇಡ.

ಅಣ್ಣ


ಜೂನ್ 23

ಅಣ್ಣಾ,

ನನ್ನ ಪ್ರಶ್ನೆಗೆ ಇಲ್ಲ ಎಂಬ ಎರಡಕ್ಷರ ಬರೆಯಲು ನಿನಗೆ ಮಸಿ ಸಾಲಲಿಲ್ಲ. ನನಗೆ ಮಾತ್ರ ಪ್ರಶ್ನೆಪತ್ರಿಕೆ. ಆದರೂ ಬರೆಯುತ್ತೇನೆ.

ಮೀನು ಸ್ಟಿಕ್ಕರಿನ ಅಡಿಯಲ್ಲೇ ಇದೆ. ಉಗುರಿಗೆ ಸಿಗುತ್ತದೆ.

ತಾತನ ಮನೆಗೆ ಹೋದೆ. ಅವರು ಬಾಗಿಲಲ್ಲೇ ಶುರು ಮಾಡಿದರು: "ಬಾ ತಾಯಿ, ನಿಮ್ಮಮ್ಮ ಮೀನು ಮೀನು ಅಂತ ತಲೆ ತಿಂದಿದ್ಳು. ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು, ಇನ್ನೊಬ್ರು ಹೇಳಿದ ಕಡೆ ಸ್ಟೇರಿಂಗ್ ತಿರುಗಿಸ್ತೀನಾ? ಬೇಕು ಅಂತ್ಲೇ ಮೀನಿಲ್ಲದ್ದು ಕೊಡಪ್ಪಾ ಅಂದೆ." ಪೆಟ್ಟಿಗೆ ತಂದು ತೋರಿಸಿದರು. ಸ್ಟಿಕ್ಕರ್ ಇದೆ, ಅಡಿಯಲ್ಲಿ ಏನೂ ಇಲ್ಲ. ದೀಪ ಹತ್ತುತ್ತದೆ, ಆರುತ್ತದೆ.

ನೋಡಿದೆಯಾ? ಬೇರೆಯವರು ಪರೀಕ್ಷೆ ಮಾಡಿದ್ದು ಚೆನ್ನಾಗಿದೆ. ನೀನು ಮಾಡಿದ್ದು ಸುಡುತ್ತದೆ.

ತಂಗಿ


ಜುಲೈ 9

ಪಟಾಕಿ,

ಇಷ್ಟು ದಿನ ಬರೆಯಲಿಲ್ಲ. ನನ್ನ ಕಣ್ಣಿನಿಂದ ನೋಡದೆ ಬರೆಯಬಾರದು ಎಂದುಕೊಂಡಿದ್ದೆ. ಈಗ ನೋಡಿದ್ದೇನೆ.

ಮೀನು 'ಸರಿ' ಎಂಬ ಗುರುತಲ್ಲ. ಸರಿಯಿರುವುದಕ್ಕೆ ನಾವು ಏನೂ ಗೀರುವುದಿಲ್ಲ. ಅದು ಸುಮ್ಮನೆ ಮುಂದಿನ ಕೋಣೆಗೆ ಹೋಗುತ್ತದೆ, ಅಲ್ಲಿ ಸ್ಟಿಕ್ಕರ್ ಅಂಟಿಸುತ್ತಾರೆ. ದೀಪ ಆರದ ಪೆಟ್ಟಿಗೆಗೆ ಮಾತ್ರ ಪರೀಕ್ಷಕ ಸೂಜಿಯಿಂದ ಗೀರಬೇಕು, ಯಾರು ತಿರಸ್ಕರಿಸಿದ್ದು ಎಂದು ಗೊತ್ತಾಗಲಿ ಅಂತ. ಒಬ್ಬೊಬ್ಬರಿಗೆ ಒಂದೊಂದು ಗುರುತು. ಪಕ್ಕದ ಮೇಜಿನವನದು ನಕ್ಷತ್ರ. ನನಗೆ ಕೈಗೆ ಬಂದದ್ದು ಮೀನು.

ಹಾಗೆ ಗೀರಿದ್ದು ಸ್ಟಿಕ್ಕರ್ ಕೋಣೆಯ ಹೊಸ್ತಿಲು ತುಳಿಯುವಂತಿಲ್ಲ. ಸುತ್ತಿಗೆ ಮನೆಗೆ ಹೋಗಬೇಕು, ಒಡೆದು ಲೋಹ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಬೇಕು. ಅದಕ್ಕೇ ನಿನ್ನ ಕಾಗದ ಓದಿ ಸ್ಟಿಕ್ಕರಿನ ವಿಷಯ ಕೇಳಿದ್ದು.

ಮನೆಗೆ ಕಳಿಸಿದ್ದೂ ತಿರಸ್ಕರಿಸಿದ್ದೇ. ಕೇಳಿ ಪಡೆದು, ಊಟದ ಬಿಡುವಿನಲ್ಲಿ ಒಳಗಿನ ಪಟ್ಟಿ ಬದಲಾಯಿಸಿ, ಹತ್ತು ಸಲ ಕಾಯಿಸಿ ನೋಡಿ ಕಳಿಸಿದೆ. ಕೆಟ್ಟದ್ದನ್ನು ರಿಪೇರಿ ಮಾಡಿ ಕೊಟ್ಟೆ ಎಂದು ಅಮ್ಮನಿಗೆ ಹೇಳಲು ಸಂಕೋಚವಾಯಿತು. ಹೊಸದು ಎಂದುಕೊಳ್ಳಲಿ ಎಂದು ಸುಮ್ಮನಾದೆ. ಗೀರು ಅಳಿಸುವಂಥದ್ದಲ್ಲ. ಅದನ್ನು ಅಮ್ಮ ಹೀಗೆ ಓದಿಕೊಳ್ಳುತ್ತಾಳೆ ಎಂದು ನನಗೆ ಹೊಳೆಯಲೇ ಇಲ್ಲ.

ಕಳೆದ ವಾರ ಮೊಳೆ ಕೇಳುವ ನೆಪದಲ್ಲಿ ಸುತ್ತಿಗೆ ಮನೆಗೆ ಹೋದೆ. ಸುತ್ತಿಗೆಯ ಮೇಲೆ ಜೇಡ ಬಲೆ ಕಟ್ಟಿದೆ. ಗೋಡೆಗೆ ಒರಗಿಸಿ ಹೊಸ ರಟ್ಟಿನ ಡಬ್ಬಗಳು, ಒಂದರ ಮೇಲೆ ಸ್ಟಿಕ್ಕರಿನ ಸುರುಳಿ. ಡಬ್ಬ ಬಿಚ್ಚಿ ಸ್ಟಿಕ್ಕರುಗಳ ಮೂಲೆ ಎತ್ತಿದೆ. ಮೀನು, ನಕ್ಷತ್ರ, ಮೀನು, ಮೀನು. ನನ್ನ ಕೈ ಬೇಡ ಎಂದದ್ದನ್ನೆಲ್ಲ ಹೊದಿಸಿ ಮಲಗಿಸಿದ್ದರು. ದೂರದ ಊರುಗಳ ಅಂಗಡಿಗೆ ಹೋಗುವ ಮಾಲು ಅದು ಎಂದು ಅಲ್ಲಿಯವನೊಬ್ಬ ಹೇಳಿದ. ದೂರು ಹೇಳಿಕೊಂಡು ಇಲ್ಲಿವರೆಗೆ ಯಾರು ಬರುತ್ತಾರೆ ಎಂಬ ಧೈರ್ಯ.

ನೀನು ಬರೆದದ್ದಕ್ಕೆ ಉತ್ತರ: ಇಲ್ಲ. ಕಣ್ಣು ಮುಚ್ಚಿಕೊಂಡು ಒಂದೂ ಗೀರಿಲ್ಲ. ಆದರೆ ಗೀರಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ನಿನ್ನ ಕರಪತ್ರವನ್ನು ನಕ್ಷತ್ರದವನಿಗೆ ಓದಿ ಹೇಳಿದೆ. "ನಿಮ್ಮ ತಂಗಿ ಬರೆಯೋದು ಚೆನ್ನಾಗಿದೆ, ಆದ್ರೆ ನಿದ್ದೆಯಲ್ಲಿದ್ದೋರು ನಾವಲ್ಲ ಅಂತ ತಿದ್ದೋಕೆ ಹೇಳಪ್ಪ" ಎಂದ.

ಅಮ್ಮನಿಗೆ ನೀನೇ ಹೇಳು. ನನಗೆ ಬಾಯಿ ಬರುವುದಿಲ್ಲ.

ಅಣ್ಣ


ಜುಲೈ 13

ಅಣ್ಣಾ,

ಕರಪತ್ರದ ನಕಲುಗಳನ್ನೆಲ್ಲ ಹರಿದು ಹಾಕಿದೆ. ಅವು ಚೆನ್ನಾಗಿ ಹರಿದವು, ನೇರವಾಗಿ. ನಿನ್ನ ಬಗ್ಗೆ ಬರೆದದ್ದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಎದುರು ಸಿಕ್ಕಾಗ ನನ್ನ ತಲೆಗೊಂದು ಮೊಟಕಿಬಿಡು.

ಅಮ್ಮನಿಗೆ ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಮ್ಮ ಪೆಟ್ಟಿಗೆಯನ್ನು ಎತ್ತಿಕೊಂಡು ಮೀನಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಅಂದ್ರೆ ಇವನು ಬೇಡ ಅಂದಿದ್ದನ್ನ ನಾನು ಬೇಕು ಅಂತ ಹೇಳಿ ಹೇಳಿ ಮನೆಮನೆಗೆ ಹೊಕ್ಕಿಸಿದೀನಿ. ಒಳ್ಳೇದನ್ನ ವಾಪಸ್ ಕೊಡ್ಸಿದೀನಿ" ಎಂದಳು. ನಾನು ಸಮಾಧಾನಕ್ಕೆ ಬಾಯಿ ತೆರೆದರೆ, "ನೀನು ಸುಮ್ನಿರು, ನನಗೆ ಕೋಪ ಬರ್ತಿದೆ, ಅದನ್ನ ಹಾಳು ಮಾಡ್ಬೇಡ" ಎಂದಳು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮೊದಲು ನರ್ಸಕ್ಕನ ಮನೆ. ಮೆಟ್ಟಿಲ ಮೇಲೆ ನಿಂತೇ ಹೇಳಿದಳು: "ನೋಡವ್ವಾ, ನನ್ನ ಮಗ ಇದನ್ನ ಮಾರಬೇಡಿ ಅಂತ ಗೀರಿದಾನೆ. ಅವರು ಅದರ ಮೇಲೆ ಕಾಗದ ಹೊದಿಸಿ ಮಾರಿದಾರೆ. ನಾನು ಆ ಗೀರು ನೋಡಿ ಹಿಗ್ಗಿದೆ. ಬಯ್ಯೋದಿದ್ರೆ ಈಗ್ಲೇ ಬಯ್ದುಬಿಡು, ಆಮೇಲೆ ಪೆಟ್ಟಿಗೆ ಕೊಡು."

ನರ್ಸಕ್ಕ ಬಯ್ಯಲಿಲ್ಲ. ಅಡುಗೆಮನೆಗೆ ಹೋಗಿ ಸುಟ್ಟ ಕಂಬಳಿಯನ್ನೂ ಸೇರಿಸಿ ತಂದುಕೊಟ್ಟಳು. "ನಲ್ಲಿ ಹತ್ರ ನಾನು ಅಂದಿದ್ದು..." ಎಂದು ಶುರು ಮಾಡಿದಳು. ಅಮ್ಮ, "ಅದನ್ನ ನಲ್ಲಿ ಹತ್ರಾನೇ ಹೇಳು, ಎಲ್ರೂ ಇದ್ದಾಗ" ಎಂದು ಮುಂದಿನ ಮನೆಗೆ ನಡೆದಳು. ಮರುದಿನ ನರ್ಸಕ್ಕ ಎಲ್ಲರೆದುರು ಹೇಳಿದಳು. ಅಮ್ಮ ಬಿಂದಿಗೆ ತುಂಬಿಕೊಂಡೇ ಬಂದಳು.

ಈಗ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಇಸ್ತ್ರಿ ಪೆಟ್ಟಿಗೆ. ಡ್ರೈವರ್ ತಾತ ಬಂದು ಸಾಲಾಗಿ ನಿಲ್ಲಿಸಿ, "ಒಳ್ಳೆ ಬಸ್ ಡಿಪೋ ಇದ್ದಂಗಿದೆ, ಒಂದೂ ಓಡಲ್ಲ" ಎಂದರು.

ನಿಮ್ಮ ಊರಿನ ಗ್ರಾಹಕರ ದೂರು ಕಚೇರಿಗೆ ಫೋನ್ ಮಾಡಿದೆ. ಒಬ್ಬ ಗುಮಾಸ್ತ ಎಲ್ಲ ಕೇಳಿಸಿಕೊಂಡು, "ಗೀರು ಯಾರು ಬೇಕಾದ್ರೂ ಗೀರಬಹುದಲ್ಲಮ್ಮ. ಇದು ಕಾರ್ಖಾನೆಯ ತಿರಸ್ಕಾರದ ಗುರುತು ಅಂತ ಹೇಳೋರು ಯಾರು?" ಎಂದ. ಸ್ಟಿಕ್ಕರ್ ಸಮೇತ ಪೆಟ್ಟಿಗೆ ಬೇಕು, ಗುರುತು ಹಾಕಿದವನೇ ಬಂದು ಹೇಳಬೇಕು ಎಂದ.

ಒಂದು ತಿಂಗಳ ಹಿಂದಾಗಿದ್ದರೆ 'ಬಾ, ಇಲ್ಲದಿದ್ದರೆ ನೀನು ಅಣ್ಣನೇ ಅಲ್ಲ' ಎಂದು ಬರೆಯುತ್ತಿದ್ದೆ. ಈಗ ಬರೆಯಲು ಕೈ ಬರುತ್ತಿಲ್ಲ. ಕಾಯಂ ಪಟ್ಟಿ ಯಾವಾಗ ಹೊರಬೀಳುತ್ತದೆ ಎಂದು ಅಮ್ಮ ಕೇಳಿದಳು. ಯಾಕೆ ಎಂದರೆ, "ಸುಮ್ನೆ" ಎಂದಳು. ನಾನು ಓದಿದ ಯಾವ ಕರಪತ್ರದಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ, ಅಣ್ಣಾ. ಅವುಗಳಲ್ಲಿ ಯಾರಿಗೂ ಅಮ್ಮ ಇರುವುದಿಲ್ಲ.

ಅನ್ಯಾಯ ಮಾತ್ರ ಅನ್ಯಾಯವೇ. ಅಷ್ಟು ಹೇಳಿ ನಿಲ್ಲಿಸುತ್ತೇನೆ.

ತಂಗಿ


ಜುಲೈ 20

ಪಟಾಕಿ,

ಪಟ್ಟಿ ಹೊರಬಿದ್ದಿದೆ. ನನ್ನ ಹೆಸರಿದೆ. ಸಹಿ ಹಾಕಲು ಮುಂದಿನ ತಿಂಗಳು ಹತ್ತನೇ ತಾರೀಖು ಕರೆದಿದ್ದಾರೆ.

ಸೋಮವಾರ ಸೂಪರ್‌ವೈಸರ್ ಕರೆದರು. ಸುತ್ತಿಗೆ ಮನೆಗೆ ನಾನು ಹೋದದ್ದು ಯಾರೋ ಹೇಳಿರಬೇಕು. ಚಹಾ ತರಿಸಿದರು. ನಿಮ್ಮಮ್ಮ ಹೇಗಿದ್ದಾರೆ ಎಂದರು. ಆಮೇಲೆ ಮೇಜಿನ ಮೇಲೆ ಒಂದು ಸೀಮೆಸುಣ್ಣದ ಪೆಟ್ಟಿಗೆ ಇಟ್ಟರು.

"ಇನ್ಮೇಲೆ ಸೂಜಿ ಬೇಡ. ಇದ್ರಲ್ಲಿ ಗುರುತು ಹಾಕು."

"ಸಾರ್, ಸುಣ್ಣ ಒರೆಸಿದ್ರೆ ಹೋಗುತ್ತಲ್ಲ."

"ಹೋದ್ರೆ ನಿನಗೇನಪ್ಪ? ನಿನ್ನ ಕೆಲಸ ಗುರುತು ಹಾಕೋದು. ಅದು ಉಳೀತಾ ಹೋಯ್ತಾ ಅಂತ ನೋಡೋದಲ್ಲ."

ನಾನು ಸೀಮೆಸುಣ್ಣ ತೆಗೆದುಕೊಂಡು ಬಂದೆ. ಬೆಳಗಿನಿಂದ ಸಂಜೆವರೆಗೆ ಅದರಲ್ಲೇ ಮೀನು ಬರೆದೆ. ನಿನಗೆ ಸುಳ್ಳು ಹೇಳುವುದಿಲ್ಲ, ಬರೆದೆ. ಸಂಜೆ ಕೈ ತೊಳೆಯಲು ಹೋದಾಗ ನೋಡಿದರೆ, ಯಾವುದೋ ಪೆಟ್ಟಿಗೆಗೆ ತೋಳು ಸೋಕಿ ಅಂಗಿಗೆ ಸುಣ್ಣ ಹತ್ತಿತ್ತು. ಆ ಪೆಟ್ಟಿಗೆ ಯಾವುದು ಎಂದು ಆಮೇಲೆ ಹುಡುಕಿದರೆ ನನಗೇ ಗೊತ್ತಾಗಲಿಲ್ಲ. ಒಳ್ಳೆಯವುಗಳ ನಡುವೆ ಒಂದು ಕೆಟ್ಟದ್ದು ಸೇರಿಹೋಗಿತ್ತು, ಅದರ ಗುರುತು ನನ್ನ ತೋಳಿನ ಮೇಲಿತ್ತು. ಎಲ್ಲವನ್ನೂ ಮತ್ತೆ ಕಾಯಿಸಿದೆ. ಸಿಕ್ಕಿತು. ಈ ಬಾರಿ ಸೂಜಿ ತೆಗೆದು, ಬೆರಳು ಬಿಳಿಚುವಷ್ಟು ಒತ್ತಿ ಗೀರಿದೆ. ನಕ್ಷತ್ರದವನು ನೋಡಿದ. ಅವನೂ ಸುಣ್ಣ ಕೆಳಗಿಟ್ಟ.

ನರ್ಸಕ್ಕನ ಅತ್ತೆ ಮಲಗಿದ್ದರು ಎಂದು ನೀನು ಬರೆದ ದಿನವೇ ನಾನು ಹೆದರಬೇಕಿತ್ತು. ನಾನು ಕರೆಂಟಿನ ಬಗ್ಗೆ ಬರೆದೆ.

ಹತ್ತನೇ ತಾರೀಖಿನ ಮೊದಲು ದಿನ ಗೊತ್ತು ಮಾಡು. ಸಹಿ ಹಾಕಿದ ಮೇಲೆ ನನ್ನ ಬಾಯಿ ಹೇಗಿರುತ್ತದೋ ನನಗೇ ನಂಬಿಕೆಯಿಲ್ಲ. ನಕ್ಷತ್ರದವನೂ ಬರುತ್ತೇನೆ ಎನ್ನುತ್ತಾನೆ, ಅವನ ಹೆಂಡತಿ ಒಪ್ಪಿದರೆ. ಸೂಜಿ ತರುತ್ತೇನೆ. ಗುಮಾಸ್ತನ ಎದುರಿಗೇ ಮೀನು ಗೀರಿ ತೋರಿಸುತ್ತೇನೆ, ನಿಮ್ಮ ಪೆಟ್ಟಿಗೆಗಳ ಪಕ್ಕ ಇಟ್ಟು ನೋಡಿಕೊಳ್ಳಲಿ.

ಎರಡು ಕೋಣೆಯ ವಿಷಯ ಅಮ್ಮನಿಗೆ ಹೇಳಿಬಿಟ್ಟಿದ್ದೀಯಾ?

ನನ್ನ ನೀಲಿ ಅಂಗಿ ಮನೆಯಲ್ಲೇ ಉಳಿದಿದೆ. ಬರುವಾಗ ತಾ.

ಅಣ್ಣ


ಜುಲೈ 25

ಅಣ್ಣಾ,

ಎರಡು ಕೋಣೆಯ ವಿಷಯ ಅಮ್ಮನಿಗೆ ಗೊತ್ತು. ನಿನ್ನ ಕಾಗದಗಳನ್ನೆಲ್ಲ ಓದಿ ಹೇಳಿದ್ದೇನೆ, ಒಂದಕ್ಷರ ಬಿಟ್ಟಿಲ್ಲ. "ಈ ಮನೇಲಿ ಕೋಣೆ ಒಂದೇ ಆದ್ರೂ ಪರದೆ ಸರಿಸಿ ಕೂರ್ತೀನಿ. ಅಲ್ಲಿ ಎರಡು ಕೊಟ್ಟು ಪರದೆ ಎಳ್ಕೊಂಡು ಕೂತ್ಕೋ ಅಂದ್ರೆ ಯಾರಿಗೆ ಬೇಕು?" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ಉಜ್ಜಿದಳು. ಅದನ್ನೂ ಬರೆಯುತ್ತಿದ್ದೇನೆ, ಇನ್ನು ಮೇಲೆ ನಾವು ಒಬ್ಬರಿಗೊಬ್ಬರು ಏನೂ ಮುಚ್ಚಿಡುವುದು ಬೇಡ.

ಹೊಸ ಕರಪತ್ರ ಬರೆದಿದ್ದೇನೆ. ಮೊದಲ ಸಾಲು ಹೀಗಿದೆ: 'ಈ ಗುರುತು ಇರುವ ಪೆಟ್ಟಿಗೆಯನ್ನು ಕೆಲಸಗಾರ ಬೇಡ ಎಂದಿದ್ದ. ಮಾಲೀಕ ನಿಮಗೆ ಮಾರಿದ.' ಕೆಳಗೆ ಮೀನು, ಅದರ ಪಕ್ಕ ನಕ್ಷತ್ರ. ಮೀನು ಬಿಡಿಸಿದ್ದು ಅಮ್ಮ. ಜೆರಾಕ್ಸ್ ಯಂತ್ರ ಮೂರು ಸಲ ಕಾಗದ ನುಂಗಿತು, ನಾಲ್ಕನೇ ಸಲ ಪಕ್ಕೆಗೊಂದು ಗುದ್ದಿದ ಮೇಲೆ ಕಕ್ಕಿತು.

ಪೆಟ್ಟಿಗೆಗಳನ್ನು ಸ್ಟಿಕ್ಕರ್ ಸಮೇತ ಗೋಣಿಚೀಲಗಳಿಗೆ ತುಂಬಿದ್ದೇವೆ. ಬೀದಿಯವರೂ ಬರುತ್ತಾರೆ. ಟೈಲರ್ ಮಾವ ಅಂಗಡಿಗೆ ಬೀಗ ಹಾಕಿ ಬರುತ್ತಾರೆ. ಕೋಟಿನ ಹುಡುಗ ಅದೇ ಕೋಟು ಹಾಕಿಕೊಂಡು ಬರುತ್ತಾನಂತೆ. ಈ ಬಾರಿ ಬೆನ್ನು ತೋರಿಸಲಿಕ್ಕೇ ಬರುವುದು ಎನ್ನುತ್ತಾನೆ. ನರ್ಸಕ್ಕ ರಜೆ ಹಾಕಿದ್ದಾಳೆ. ಡ್ರೈವರ್ ತಾತ ತಮ್ಮ ಹಳೇ ಡಿಪೋದಲ್ಲಿ ಹೇಳಿ ಬಸ್ಸಿನ ಹಿಂದಿನ ಸೀಟುಗಳನ್ನು ಹಿಡಿಸಿದ್ದಾರೆ. ಅವರು ತಮ್ಮ ಪೆಟ್ಟಿಗೆಯನ್ನೂ ತರುತ್ತಾರೆ, ಒಳ್ಳೆಯದು ಹೇಗಿರುತ್ತದೆ ಎಂದು ಅಧಿಕಾರಿಗಳಿಗೆ ಗೊತ್ತಾಗಲಿ ಅಂತ.

ನಮ್ಮದನ್ನು ತರುತ್ತಿಲ್ಲ. ಅಮ್ಮ ಕೊಡುವುದಿಲ್ಲ ಎಂದಳು. ನಿನ್ನ ನೀಲಿ ಅಂಗಿಯನ್ನು ಹೊರಡುವ ದಿನ ಬೆಳಿಗ್ಗೆ ಅದರಲ್ಲೇ ಇಸ್ತ್ರಿ ಮಾಡುತ್ತಾಳಂತೆ. ಮಡಿಕೆ ಮುರಿಯಬಾರದೆಂದು ತೊಡೆಯ ಮೇಲಿಟ್ಟುಕೊಂಡು ಬರುತ್ತಾಳೆ.

ಆಗಸ್ಟ್ 6, ಮಂಗಳವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ದೂರು ಕಚೇರಿಯ ಮೆಟ್ಟಿಲ ಬಳಿ.

ತಂಗಿ